ಹೆಸರು ಬದಲಾಗುವವರೆಗೆ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಆಮೇಲೆ ಮಂಡ್ಯ ಸೀಮೆಗಿಳಿದು ಕಾವೇರಿಯನ್ನು ಸೇರುತ್ತದೆ. ನಮ್ಮ ಚಿಕ್ಕಪ್ಪ ಕೊಂಡ ಹಳೆಯ ಟ್ರ್ಯಾಕ್ಟರು ಬಂದದ್ದು ಈ ನದಿಯ ಎದುರು ದಿಕ್ಕಿನಲ್ಲಿ. ಮಾರ್ಕೋನಹಳ್ಳಿಯ ನೀರುಣ್ಣುವ ಗದ್ದೆಯ ಬದುವಿನಿಂದ ಹೊರಟು ಚೇಳೂರು ಕಡೆಯ ನಮ್ಮ ತೋಟಕ್ಕೆ. ಗಾಡಿ ಓಡಿಸಿಕೊಂಡು ಬರಲು ಅರ್ಧ ದಿನ ಸಾಕು. ಅದರ ಕಾಗದ ಆ ದೂರವನ್ನು ದಾಟುವ ಹೊತ್ತಿಗೆ ಬೇಸಿಗೆ ಕಳೆದು ಮುಂಗಾರು ಹಿಡಿದಿತ್ತು. ಗುಬ್ಬಿ, ತುಮಕೂರು, ಕುಣಿಗಲ್ಲುಗಳ ನಡುವೆ ಆ ಕಾಗದದ ಹಿಂದೆ ನಾನೂ ಚಿಕ್ಕಪ್ಪನೂ ಓಡಾಡಿದೆವು. ನಾನು ಹುಟ್ಟಿ ಬೆಳೆದ ಜಿಲ್ಲೆಯನ್ನು ಅಷ್ಟು ನಿಧಾನವಾಗಿ ನೋಡಿದ್ದು ಆಗಲೇ.

ಚೇಳೂರು ಎಂದರೆ ಹೊರಗಿನವರಿಗೆ ಹಲಸು ನೆನಪಾಗುತ್ತದೆ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಗುರುತಿಸಿ ಹೆಸರುಗೊಳಿಸಿದ ಕೆಂಪು ತೊಳೆಯ 'ಸಿದ್ದು' ಹಲಸು ಈ ಊರಿನದೇ. ನಮ್ಮ ಚಿಕ್ಕಪ್ಪನ ಬದುಕು ಮಾತ್ರ ತೆಂಗು, ಅಡಿಕೆ, ಒಂದಿಷ್ಟು ರಾಗಿ. ಎತ್ತುಗಳನ್ನು ಕೊಟ್ಟ ಮೇಲೆ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರನ್ನು ಕಾಯಬೇಕು. ಹದ ಬಿದ್ದ ದಿನ ಎಲ್ಲರಿಗೂ ಅದೇ ಟ್ರ್ಯಾಕ್ಟರು ಬೇಕು. ಹೊಸದು ಅವರ ಕೈಗೆಟುಕುವಂಥದ್ದಲ್ಲ. ಅಮೃತೂರು ಹೋಬಳಿಯ ಹಳ್ಳಿಯೊಂದರಲ್ಲಿ ಯಜಮಾನ ತೀರಿಕೊಂಡ ಮನೆಯವರು ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಒಟ್ಟಿಗೆ ಕೊಡುತ್ತಾರಂತೆ ಎಂಬ ಸುದ್ದಿ ನೆಂಟರ ಮೂಲಕ ಬಂತು.

ತುಮಕೂರು ಬಿಟ್ಟು ಕುಣಿಗಲ್ ರಸ್ತೆ ಹಿಡಿದರೆ ಮೊದಲು ಸಿಗುವುದು ಗೂಳೂರು. ಬಲಿಪಾಡ್ಯಮಿಯಿಂದ ಆರಾಧನೆಗೊಳ್ಳುವ ಆಳೆತ್ತರ ಮೀರಿದ ಮಣ್ಣಿನ ಗಣಪನಿಗೆ ಹೆಸರಾದ ಊರು. ಆಮೇಲೆ ನಾಗವಲ್ಲಿ, ಹೆಬ್ಬೂರು. ಉದ್ದಕ್ಕೂ ತೆಂಗಿನ ಸಾಲು, ನಡುನಡುವೆ ರಾಗಿ ಹೊಲ. ಕುಣಿಗಲ್ ದಾಟಿ ಅಮೃತೂರಿನ ಕಡೆಗೆ ಹೊರಳಿದ ಮೇಲೆ ನೆಲದ ಬಣ್ಣವೇ ಬೇರೆ. ಮಾರ್ಕೋನಹಳ್ಳಿಯ ಕಾಲುವೆ ತಲುಪಿದ ಕಡೆಯೆಲ್ಲ ಗದ್ದೆ. ಜಲಾಶಯ ತುಂಬಿದಾಗ ಯಾರೂ ಬಾಗಿಲು ಎತ್ತದೆಯೇ ಹೆಚ್ಚಿನ ನೀರು ತಾನಾಗಿ ಹೊರಹೋಗುವ ಸೈಫನ್ ವ್ಯವಸ್ಥೆ ಅಲ್ಲಿದೆ. ಮೈಸೂರು ಅರಸರ ಕಾಲದ ಎಂಜಿನಿಯರುಗಳ ಕೆಲಸ. ಹಿಂದೊಮ್ಮೆ ನಾನು ಅದನ್ನು ನೋಡಲೆಂದೇ ಹೋಗಿದ್ದೆ, ಇನ್ನೊಮ್ಮೆ ಹೋಗುವ ಆಸೆಯಿದೆ.

ಆ ಮನೆಯ ಪಡಸಾಲೆಯಲ್ಲಿ ಕೂತಾಗ ಚಿಕ್ಕಪ್ಪ ಬೆಲೆಯ ಮಾತೆತ್ತಿದರು. ಯಜಮಾನನ ಹೆಂಡತಿ, ಐವತ್ತು ದಾಟಿದ ಹೆಂಗಸು, ಕೈಯೆತ್ತಿ ತಡೆದರು.

"ಅಣ್ಣಾ, ದುಡ್ಡಿನ ಮಾತು ಆಮೇಲಾಡಾನ. ಗಾಡಿ ನಮ್ಮೆಜಮಾನ್ರ ಹೆಸ್ರಲ್ಲೈತೆ. ಅದು ನಿಮ್ಮ ಹೆಸ್ರಿಗೆ ಆದ್ಮೇಲೇನೇ ಇಲ್ಲಿಂದ ಆಚೆಗೆ ಓಗ್ಬೇಕು. ಇದಕ್ಕೆ ಒಪ್ಪಿದ್ರೆ ಮಾತ್ರ ಕೊಡಾದು."

ಇಷ್ಟು ಕಟ್ಟುನಿಟ್ಟು ಯಾಕೆಂದು ಆಮೇಲೆ ತಿಳಿಯಿತು. ಬಹಳ ಹಿಂದೆ ಯಜಮಾನರು ತಮ್ಮ ಬೈಕನ್ನು ಮಾರಿದ್ದರು. ಕೊಂಡವನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ, ಸಹಿ ಹಾಕಿದ ಫಾರಂ ಸಮೇತ ಇನ್ನೊಬ್ಬನಿಗೆ ದಾಟಿಸಿದ. ಆ ಇನ್ನೊಬ್ಬನ ಕೈಯಲ್ಲಿ ಬೈಕು ದಾರಿಹೋಕನೊಬ್ಬನಿಗೆ ಬಡಿಯಿತು. ವಿಮೆ ಇರಲಿಲ್ಲ. ಸಮನ್ಸು ಬಂದದ್ದು ಈ ಮನೆಗೆ. ಗುದ್ದಿದವನ ಮುಖವನ್ನೇ ನೋಡದ ಮನುಷ್ಯ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. "ಯಾರ್ದೋ ಮಗ ಕಾಲು ಕಳ್ಕಂಡ್ನಲ್ಲ ಅಂತ ಒಂದು ಸಂಕ್ಟ, ನಾನೇನೂ ಮಾಡ್ಲಿಲ್ವಲ್ಲ ಅಂತ ಇನ್ನೊಂದು. ಎರಡ್ನೂ ಉಣ್ತಾ ಹೋದ್ರು" ಎಂದರು ಆಕೆ.

ಆ ಮಾತು ಕೇಳಿದ ಮೇಲೆ ಚಿಕ್ಕಪ್ಪ ಮರುಮಾತಾಡಲಿಲ್ಲ. ಒಂದು ಪಾಲು ಮುಂಗಡ ಕೊಟ್ಟು, ಟ್ರ್ಯಾಕ್ಟರನ್ನು ಅವರ ಹಟ್ಟಿಯಲ್ಲೇ ಬಿಟ್ಟು ಹೊರಟೆವು. ಊರಿನಲ್ಲಿ ಜನ ನಕ್ಕರು. ಹೇಮಾವತಿ ನೀರನ್ನು ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆಗೆ ಗುಬ್ಬಿ ತಾಲ್ಲೂಕಿನಲ್ಲಿ ಎಷ್ಟು ಸಿಟ್ಟಿದೆಯೆಂದು ಜಿಲ್ಲೆಯವರಿಗೆಲ್ಲ ಗೊತ್ತು. "ಕುಣಿಗಲ್‌ನೋರಿಗೆ ನೀರೂ ಕೊಟ್ಟು ದುಡ್ಡೂ ಕೊಟ್ಟು ಬರಿಗೈಲಿ ಬಂದವ್ನೆ" ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ಆ ಪಡಸಾಲೆಯಲ್ಲಿ ನೀರಿನ ಜಗಳದ ಸೊಲ್ಲೇ ಬರಲಿಲ್ಲ, ನಮಗೆ ಊಟಕ್ಕೆ ಹಾಕಿ ಕಳಿಸಿದರು.

ಯಜಮಾನ ಬದುಕಿದ್ದರೆ ಕೆಲಸ ಸುಲಭವಿತ್ತು. ಮಾರುವವನು ಫಾರಂ 29ರಲ್ಲಿ ಸಾರಿಗೆ ಕಚೇರಿಗೆ ವರ್ಗಾವಣೆಯ ಸೂಚನೆ ಕೊಡಬೇಕು, ಫಾರಂ 30ರಲ್ಲಿ ಇಬ್ಬರೂ ಅರ್ಜಿ ಹಾಕಬೇಕು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮಾಲೀಕ ತೀರಿಕೊಂಡಿದ್ದರೆ ದಾರಿ ಬೇರೆ. ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಸಾವಿನ ವಿಷಯವನ್ನು ಮತ್ತು ಗಾಡಿಯನ್ನು ತಾವು ಬಳಸುತ್ತೇವೆಂಬುದನ್ನು 30 ದಿನದೊಳಗೆ ತಿಳಿಸಿದವರು ಮೂರು ತಿಂಗಳು ಅದನ್ನು ಓಡಿಸಬಹುದು. ಅಷ್ಟರಲ್ಲಿ ಅರ್ಜಿ ಹಾಕಿರಬೇಕು. ಹೀಗೆ ವಾರಸುದಾರರ ಹೆಸರಾದ ಮೇಲಷ್ಟೇ ಕೊಳ್ಳುವವನ ಸರದಿ. ಮನೆಯಲ್ಲಿ ಸಾವು ನಡೆದಾಗ ತಿಥಿ, ಸೂತಕ, ಸಾಲಗಾರರು, ಜಮೀನಿನ ಪೌತಿ ಖಾತೆ ಇಷ್ಟರ ನಡುವೆ ಹಟ್ಟಿಯಲ್ಲಿ ನಿಂತ ಟ್ರ್ಯಾಕ್ಟರಿನ ಫಾರಂ ಯಾರಿಗೆ ನೆನಪಾಗುತ್ತದೆ? 2021ರಲ್ಲಿ ನಿಯಮ ತಿದ್ದಿ, ಮಾಲೀಕ ತನ್ನ ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲೇ ನಾಮಿನಿಯ ಹೆಸರು ಬರೆಸಲು ಅವಕಾಶ ಕೊಟ್ಟರು. ಇದು ಹಳ್ಳಿಯ ಮನೆಗಳಿಗೆ ನಿಜವಾಗಿ ಉಪಕಾರದ ತಿದ್ದುಪಡಿ. ನಮ್ಮ ಕಡೆ ಅದನ್ನು ಬಳಸಿಕೊಂಡವರನ್ನು ನಾನಿನ್ನೂ ಕಂಡಿಲ್ಲ.

ವಂಶವೃಕ್ಷಕ್ಕೆಂದು ನಾಡಕಚೇರಿಗೆ ಹೋದೆವು. ಮರಣ ಪ್ರಮಾಣಪತ್ರದಲ್ಲಿ ಯಜಮಾನರ ಹೆಸರು ಒಂದು ರೀತಿ, ಆರ್‌ಸಿಯಲ್ಲಿ ಇನ್ನೊಂದು ರೀತಿ, ಆಧಾರಿನಲ್ಲಿ ಅಪ್ಪನ ಹೆಸರು ಸೇರಿ ಮತ್ತೊಂದು ರೀತಿ. ಮೂರೂ ಒಬ್ಬನೇ ಮನುಷ್ಯನೆಂದು ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿಸಬೇಕಾಯಿತು. ಮಕ್ಕಳಿಬ್ಬರೂ ತಾಯಿಯ ಹೆಸರಿಗೆ ಆಗಲು ತಮ್ಮ ಅಭ್ಯಂತರವಿಲ್ಲವೆಂದು ಅಫಿಡವಿಟ್ ಕೊಡಬೇಕು. ಮಗಳನ್ನು ಹುಲಿಯೂರುದುರ್ಗದ ಕಡೆ ಕೊಟ್ಟಿತ್ತು. ಆಕೆ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಕುಣಿಗಲ್ಲಿಗೆ ಬಂದರು. ನೋಟರಿಯವರ ಮೇಜಿನ ಮುಂದೆ ನಿಂತು ಅಪ್ಪನ ಹೆಸರಿನ ಮುಂದೆ 'ದಿವಂಗತ' ಎಂದು ಬೆರಳಚ್ಚಾದದ್ದನ್ನು ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ಇನ್ನೊಂದು ತೊಡಕು ಬ್ಯಾಂಕಿನದು. ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಸಾಲದ ಅಡವಿನ ನಮೂದು, ಹಾಗೇ ಉಳಿದಿತ್ತು. ಕೊನೆಯ ಕಂತು ಕಟ್ಟಿದೊಡನೆ ಋಣ ಹರಿಯಿತೆಂದು ರೈತ ತಿಳಿಯುತ್ತಾನೆ. ಬ್ಯಾಂಕಿನವರು ಸಹಿ ಮಾಡಿದ ಫಾರಂ 35ನ್ನೂ ಎನ್‌ಒಸಿಯನ್ನೂ ಸಾರಿಗೆ ಕಚೇರಿಗೆ ಕೊಡುವ ತನಕ ಗಾಡಿಯ ಮೇಲೆ ಬ್ಯಾಂಕಿನ ಹಕ್ಕು ದಾಖಲೆಯಲ್ಲಿ ನಿಂತೇ ಇರುತ್ತದೆ. ಹಳೆಯ ಆರ್‌ಸಿಗಳಲ್ಲಿ ಇನ್ನೂ ಒಂದು ಸೋಜಿಗವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನಮ್ಮ ರೈತರ ಟ್ರ್ಯಾಕ್ಟರುಗಳು ಮಾತ್ರ ಬೋರ್ಡೇ ಇಲ್ಲದ ಬ್ಯಾಂಕಿಗೆ ಅಡವು ಬಿದ್ದಂತೆಯೇ ಓಡುತ್ತಿವೆ. ನಮ್ಮದೂ ಅಂಥದ್ದೇ. ಈಗಿನ ಶಾಖೆಯಲ್ಲಿ ಒಬ್ಬ ಹುಡುಗಿ ಹಳೆಯ ಖಾತೆಯ ಸಂಖ್ಯೆ ಹಿಡಿದು ಹುಡುಕಿ, ಸಾಲ ಮುಗಿದ ದಿನಾಂಕ ತೆಗೆದುಕೊಟ್ಟಳು. ಅವಳು ತೋರಿದ ತಾಳ್ಮೆಗೆ ಇಲ್ಲಿ ಕೃತಜ್ಞತೆ ಹೇಳಲೇಬೇಕು.

ಬ್ಯಾಂಕಿನ ಕಾಗದಕ್ಕೆ ಸಂಜೆಯವರೆಗೆ ಕಾಯಬೇಕಾಗಿದ್ದ ದಿನ ಕುಣಿಗಲ್ ಪೇಟೆ ಸುತ್ತಿದೆವು. ಜನಪದರು ಹಾಡಿ ನಾಡಿಗೆಲ್ಲ ಪರಿಚಯ ಮಾಡಿಸಿದ ದೊಡ್ಡ ಕೆರೆಯ ಏರಿಯ ಮೇಲೆ ನಡೆದು, ಅಲ್ಲಿಂದ ಕುದುರೆ ಫಾರಮ್ಮಿನ ಕಡೆ ಹೋದೆವು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಜಾಗ, ಈಗಿನವು ಪಂದ್ಯದ ಕುದುರೆಗಳು. ಬೇಲಿಯಾಚೆ ಮರಿಯೊಂದು ತಾಯಿಯ ಹಿಂದೆ ಓಡುತ್ತಿತ್ತು. ಪಂದ್ಯದ ತಳಿಯ ಮರಿ ಹುಟ್ಟಿದರೆ ಅದರ ತಂದೆ ತಾಯಿ ಯಾರು, ಮೈಮೇಲೆ ಎಲ್ಲೆಲ್ಲಿ ಬಿಳಿ ಗುರುತು, ಸುಳಿ ಎಲ್ಲಿದೆ ಎಂಬುದೆಲ್ಲ ಸ್ಟಡ್ ಬುಕ್ಕಿನಲ್ಲಿ ದಾಖಲಾಗಬೇಕು. ಅದಕ್ಕೊಂದು ಪಾಸ್‌ಪೋರ್ಟು, ಚರ್ಮದಡಿಯಲ್ಲಿ ಮೈಕ್ರೋಚಿಪ್ಪು. ಆ ಕಾಗದವಿಲ್ಲದೆ ಅದು ಪಂದ್ಯದ ಕಣಕ್ಕೆ ಇಳಿಯಲಾರದು. ಇದನ್ನು ಕೇಳಿ ಚಿಕ್ಕಪ್ಪ ಬಹಳ ಹೊತ್ತು ಬೇಲಿಗೆ ಒರಗಿ ನಿಂತರು. "ಪ್ರಾಣಿಗೇ ಇಷ್ಟು ನಿಗಾ ಇಟ್ಟವ್ರೆ. ನಾವು ರೋಡಲ್ಲಿ ಜನರ ಮಧ್ಯೆ ಓಡ್ಸೋ ಗಾಡಿನ ಸತ್ತೋರ ಹೆಸ್ರಲ್ಲಿ ಇಟ್ಕತೀವಿ" ಎಂದರು.

ಅದೇ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಹಳೆ ಗಾಡಿಗಳ ವ್ಯವಹಾರ ಮಾಡುವ ಒಬ್ಬರು ಸಿಕ್ಕರು. ನಮ್ಮ ಕೈಲಿದ್ದ ಫೈಲು ನೋಡಿ ಕನಿಕರಪಟ್ಟರು. "ಇಷ್ಟೆಲ್ಲ ಯಾಕೆ ಸ್ವಾಮಿ? ಆಯಮ್ಮನ ಕೈಲಿ 29, 30ಕ್ಕೆ ಸಹಿ ಹಾಕಿಸ್ಕಂಡು ಖಾಲಿ ಇಟ್ಕಳಿ. ಮುಂದೆ ಮಾರೋವಾಗ ಕೊಂಡೋನ ಹೆಸ್ರು ತುಂಬಿದ್ರಾಯ್ತು. ನಿಮ್ಮ ಹೆಸ್ರೇ ಬರಲ್ಲ, ತಲೆನೋವೂ ಇಲ್ಲ."

ಆ ಮನುಷ್ಯ ಕೆಟ್ಟವನಲ್ಲ, ನಮಗೆ ಒಳ್ಳೆಯದಾಗಲೆಂದೇ ಹೇಳಿದ. ನಮ್ಮ ಜಿಲ್ಲೆಯಲ್ಲಿ, ನನ್ನ ಅಂದಾಜಿನಲ್ಲಿ ಎಲ್ಲ ಜಿಲ್ಲೆಗಳಲ್ಲೂ, ಹಳೆ ಗಾಡಿಗಳು ಹೀಗೆಯೇ ಕೈ ಬದಲಿಸುತ್ತವೆ. ಖಾಲಿ ಫಾರಮ್ಮಿನ ಮೇಲಿನ ಸಹಿ ದಿಕ್ಕು ತಿಳಿಯದ ಬೀಜದಂತೆ ಯಾವ ಊರಿನಲ್ಲಿ ಬಿದ್ದು ಯಾವಾಗ ಮೊಳೆಯುತ್ತದೋ ಸಹಿ ಹಾಕಿದವರಿಗೆ ಗೊತ್ತಿರುವುದಿಲ್ಲ. 'ತಲೆನೋವಿಲ್ಲ' ಎಂದಾಗ ಆ ತಲೆನೋವು ಮಾಯವಾಗಿಲ್ಲ, ದಾಖಲೆಯಲ್ಲಿ ಹೆಸರಿರುವ ಮನೆಯಲ್ಲಿ ಕುಳಿತಿದೆ. ಅಮೃತೂರು ಹೋಬಳಿಯ ಆ ಪಡಸಾಲೆಯಲ್ಲಿ ನಾನು ಅದನ್ನು ಕಣ್ಣಾರೆ ಕಂಡಿದ್ದೆ.

ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅಪಘಾತ ನಡೆದದ್ದು 2009ರಲ್ಲಿ. ಅಷ್ಟರಲ್ಲಿ ಕಾರು ಹಲವು ಕೈ ದಾಟಿತ್ತು, ನೋಂದಣಿಯಲ್ಲಿ ಮಾತ್ರ ಮೊದಲು ಮಾರಿದವರ ಹೆಸರೇ ಇತ್ತು. ಪರಿಹಾರ ಕೊಡಬೇಕಾದವರು ಯಾರು? ಕಾಯ್ದೆಯ 2(30)ನೇ ಕಲಮಿನ ಪ್ರಕಾರ ಮಾಲೀಕನೆಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು. ಮಾರಾಟ ನಿಜವೇ ಆಗಿದ್ದರೂ ಹೆಸರು ಬದಲಾಗದಿದ್ದರೆ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಗುದ್ದಿಸಿಕೊಂಡವನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಗಾಡಿಯ ಬೆನ್ನುಹತ್ತಿ ಊರೂರು ಅಲೆಯುವಂತಾಗಬಾರದು ಎಂಬುದು ಆ ತೀರ್ಪಿನ ಹಿಂದಿನ ಕಾಳಜಿ. ಮಾರಿದವರಿಗೆ ಇದು ಕಠಿಣ ಎನಿಸಬಹುದು. ಆಸ್ಪತ್ರೆಯ ಮಂಚದ ಮೇಲಿರುವವನ ಕಡೆಯಿಂದ ನೋಡಿದರೆ ಇದೇ ಸರಿ. ಆದ್ದರಿಂದಲೇ ಕೊಂಡವನ ಮೇಲೆ ಮಾರಿದವರ ಋಣವಿದೆ ಎನ್ನುತ್ತೇನೆ. ದುಡ್ಡು ಎಣಿಸಿಕೊಟ್ಟರೆ ಅದು ತೀರುವುದಿಲ್ಲ, ಅವರ ಹೆಸರನ್ನು ಆ ಗಾಡಿಯಿಂದ ಬಿಡಿಸಿಕೊಟ್ಟಾಗ ತೀರುತ್ತದೆ.

ನಮ್ಮ ಟ್ರ್ಯಾಕ್ಟರಿನ ವಿಮೆಯೂ ಮುಗಿದಿತ್ತು. ಅದನ್ನು ಮಾಡಿಸದೆ ಯಾವ ಅರ್ಜಿಯೂ ಮುಂದೆ ಹೋಗದು. ಇಲ್ಲಿ ಬಹಳ ಜನ ತಪ್ಪು ತಿಳಿದಿರುವ ಒಂದು ಸಂಗತಿಯಿದೆ. ಗಾಡಿ ಕೈ ಬದಲಿಸಿದಾಗ ಮೂರನೆಯವರಿಗೆ ಆಗುವ ಹಾನಿಯ ವಿಮೆ 157ನೇ ಕಲಮಿನ ಪ್ರಕಾರ ತಾನಾಗಿ ಹೊಸಬನಿಗೆ ದಾಟುತ್ತದೆ. ಗಾಡಿಗೇ ಆಗುವ ನಷ್ಟದ ವಿಮೆ ಹಾಗೆ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 1996ರಷ್ಟು ಹಿಂದೆಯೇ ಹೇಳಿದೆ. ಕೊಂಡವನು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ತನ್ನ ಹೆಸರು ಹಾಕಿಸಿಕೊಳ್ಳಬೇಕು. ಸಾರಿಗೆ ಕಚೇರಿಯಲ್ಲಿ ಆಯಿತೆಂದರೆ ವಿಮೆಯಲ್ಲೂ ಆಯಿತೆಂದು ಸುಮ್ಮನೆ ಕೂರುವಂತಿಲ್ಲ.

ತುಮಕೂರಿನ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-06. ಅದೇ ಜಿಲ್ಲೆಯ ತಿಪಟೂರಿಗೆ 44, ಮಧುಗಿರಿಗೆ 64. ನಾವು ಹೋಗಬೇಕಿದ್ದುದು 06ಕ್ಕೆ. ಗುಬ್ಬಿಯಿಂದ ಬಿ.ಎಚ್. ರಸ್ತೆಯಲ್ಲಿ ಬಸ್ಸು ಗುಬ್ಬಿ ಗೇಟು ದಾಟಿ ಟೌನ್‌ಹಾಲ್ ಮುಟ್ಟುವಷ್ಟರಲ್ಲಿ ಚಿಕ್ಕಪ್ಪ ಫೈಲನ್ನು ಎಷ್ಟೋ ಸಲ ಬಿಚ್ಚಿ ಮುಚ್ಚುತ್ತಿದ್ದರು. ಅರ್ಜಿಯೆಲ್ಲ ಈಗ ಆನ್‌ಲೈನು. ಆದರೂ ಕಾಗದ ಇದ್ದೇ ಇದೆ. ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಅದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಅದಕ್ಕಾಗಿ ಅಮೃತೂರಿನ ಹಟ್ಟಿಯಲ್ಲಿ ಚಿಕ್ಕಪ್ಪನೂ ಆ ಮನೆಯ ಮಗನೂ ಟ್ರ್ಯಾಕ್ಟರಿನ ಪಕ್ಕ ಮಂಡಿಯೂರಿ, ಗ್ರೀಸು ಮೆತ್ತಿದ ಕಬ್ಬಿಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ಒಂದೊಂದೇ ಅಕ್ಷರ ಎಬ್ಬಿಸಿದ್ದರು. ಅಪ್ಪ ಹತ್ತಿರ ಸೇರಿಸದೆ ನೋಡಿಕೊಂಡಿದ್ದ ಗಾಡಿಯ ನಂಬರನ್ನು ಆ ಹುಡುಗ ಓದಿದ್ದು ಅದೇ ಮೊದಲು.

ಕೌಂಟರಿನ ನೌಕರರು ಕಾಗದಗಳನ್ನು ತಿರುವಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಟ್ರೇಲರಿನ ಆರ್‌ಸಿ ಎಲ್ಲಿ?" ಕಾಯ್ದೆಯ ಕಣ್ಣಿಗೆ ಟ್ರೇಲರು ಪ್ರತ್ಯೇಕ ವಾಹನ. ಇಂಜಿನ್ ಇಲ್ಲದಿದ್ದರೂ ಅದಕ್ಕೆ ಬೇರೆ ನಂಬರು, ಬೇರೆ ಆರ್‌ಸಿ, ಬೇರೆ ವರ್ಗಾವಣೆ. ವಿಮೆಯಲ್ಲೂ ಅದನ್ನು ಸೇರಿಸಿರಬೇಕು. ಮಾರುವಾಗ ಟ್ರ್ಯಾಕ್ಟರಿನದನ್ನು ಮಾತ್ರ ಮಾಡಿಸಿ ಟ್ರೇಲರನ್ನು ಹಾಗೇ ಎಳೆದುಕೊಂಡು ಹೋಗುವುದು ವಾಡಿಕೆ. ಕತ್ತಲಾದ ಮೇಲೆ ರಸ್ತೆಯಂಚಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರಿಗೆ ಬೈಕಿನವರು ಗುದ್ದಿ ಸಾಯುವುದನ್ನು ನಮ್ಮ ಕಡೆಯ ಪತ್ರಿಕೆ ಓದುವವರೆಲ್ಲ ಬಲ್ಲರು. ಆ ಸಾವಿನ ಹೊಣೆ ಹೊತ್ತ ಹೆಸರು ಯಾರದು ಎಂದು ಕೇಳುವ ಹೊತ್ತಿನಲ್ಲಿ ಅಲ್ಲಿ ಸತ್ತವನೊಬ್ಬನ ಹೆಸರಿದ್ದರೆ? ಟ್ರೇಲರಿನ ಆರ್‌ಸಿ ಆ ಮನೆಯ ದೇವರ ಕೋಣೆಯ ಪೆಟ್ಟಿಗೆಯಲ್ಲಿತ್ತು, ಮತ್ತೊಮ್ಮೆ ಹೋಗಿ ತಂದೆವು. ಎರಡಕ್ಕೂ ಫಾರಂ 31, ಎರಡಕ್ಕೂ 29 ಮತ್ತು 30.

ಕಾಯುವ ದಿನಗಳಲ್ಲಿ ಮಳೆ ಬಿತ್ತು. ಚಿಕ್ಕಪ್ಪ ಬಾಡಿಗೆ ಟ್ರ್ಯಾಕ್ಟರಿನಿಂದಲೇ ಉಳುಮೆ ಮಾಡಿಸಿದರು. ಗುಬ್ಬಿಯ ಚನ್ನಬಸವೇಶ್ವರ ಗುಡಿಯ ಹತ್ತಿರ ಟೀ ಕುಡಿಯುತ್ತ ನಿಂತಾಗ ಗುರುತಿನವರೊಬ್ಬರು ನಮ್ಮ ಕಥೆ ಕೇಳಿ, ತಾವು ಮಾರಿದ ಲಗೇಜ್ ಆಟೋ ಈಗ ಎಲ್ಲಿದೆಯೋ ಗೊತ್ತಿಲ್ಲ ಎಂದರು. ಪಕ್ಕದವರು ತಮ್ಮ ತಮ್ಮನ ಬೈಕಿನ ಕಥೆ ಹೇಳಿದರು. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಹೆಲಿಕಾಪ್ಟರ್ ಕಾರ್ಖಾನೆಯಿದೆ, 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಹೆಲಿಕಾಪ್ಟರೂ ಸೇರಿ ದೇಶದ ಪ್ರತಿಯೊಂದು ನಾಗರಿಕ ವಿಮಾನದ ಮೈಮೇಲೆ 'ವಿಟಿ'ಯಿಂದ ಶುರುವಾಗುವ ಗುರುತು ಇರಲೇಬೇಕು, ಅದರ ಮಾಲೀಕ ಯಾರೆಂದು ದಾಖಲೆ ಹೇಳಲೇಬೇಕು. ನೆಲದ ಮೇಲಿನ ಗಾಡಿಗಳ ಬಗ್ಗೆಯೂ ಅಷ್ಟೇ ಶಿಸ್ತು ನಮಗೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಹಳೆ ಗಾಡಿ ಕೊಂಡು ಮಾರುವ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕು, ಗಾಡಿ ತಮ್ಮ ವಶಕ್ಕೆ ಬಂದದ್ದನ್ನು ದಾಖಲಿಸಬೇಕು ಎಂಬ ನಿಯಮ 2022ರ ಡಿಸೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಮಾರುವ ಮೊದಲು ಆ ಅಧಿಕಾರಪತ್ರ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ.

ಹೊಸ ಆರ್‌ಸಿ ಕಾರ್ಡುಗಳು ಬಂದ ಮೇಲೆ ಅವುಗಳ ಜೆರಾಕ್ಸ್ ತೆಗೆಸಿಕೊಂಡು ಮೊದಲು ಅಮೃತೂರಿಗೇ ಹೋದೆವು. ಆಕೆ ಮಗನಿಂದ ಓದಿಸಿ ಕೇಳಿದರು, ಟ್ರೇಲರಿನದನ್ನೂ ಓದಿಸಿದರು. ಉಳಿದ ಹಣ ಎಣಿಸಿಕೊಂಡು ಕೀಲಿ ಕೊಟ್ಟರು. ಜೆರಾಕ್ಸನ್ನು ಸಮನ್ಸು ಇಟ್ಟಿದ್ದ ಅದೇ ಪೆಟ್ಟಿಗೆಯಲ್ಲಿ ಹಾಕಿ, "ಇನ್ನು ನಿದ್ದೆ ಬತ್ತದೆ ಕಣಣ್ಣಾ" ಎಂದರು.

ನೀವು ಎಂದಾದರೂ ಬೈಕೋ ಕಾರೋ ಟ್ರ್ಯಾಕ್ಟರೋ ಮಾರಿದ್ದರೆ ದಯವಿಟ್ಟು ಇವತ್ತೇ ಪರಿವಾಹನ್ ಜಾಲತಾಣದಲ್ಲಿ ಅದರ ನಂಬರು ಹಾಕಿ ನೋಡಿ. ನಿಮ್ಮ ಹೆಸರೇ ಬಂದರೆ ಕೊಂಡವರನ್ನು ಹುಡುಕಿ, ಮಾರಾಟದ ಕಾಗದ ಹಿಡಿದು ನಿಮ್ಮ ಸಾರಿಗೆ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆದು ಜೋಪಾನವಾಗಿಡಿ. ಕೊಂಡವರು ನೀವಾಗಿದ್ದರೆ ಮಾರಿದವರು ನೆನಪಿಸುವ ತನಕ ಕಾಯಬೇಡಿ. ಕಾನೂನು ನಿಮಗೆ ಕೊಟ್ಟಿರುವುದು 30 ದಿನ.